ಮಂಜೂರಾದ ಮನೆ, ಮುಗಿದ ಮನೆ

ಮನೆ ಕಟ್ಟಿಸುವ ಸಂಸ್ಥೆಯ ವಾರ್ಷಿಕ ವರದಿ ಲೆಕ್ಕಪರಿಶೋಧಕರಿಗೆ ಮಾತ್ರ ಸಂಬಂಧಿಸಿದ್ದೆಂದು ನೀವು ಭಾವಿಸಿರಬಹುದು. ಹಾಗಲ್ಲ.

2019ರ ಆಗಸ್ಟ್‌ನಲ್ಲಿ ಘಟಪ್ರಭೆ ಉಕ್ಕಿ ಹರಿದಾಗ ಮುಧೋಳ ತಾಲ್ಲೂಕಿನ ನದಿತೀರದ ಊರುಗಳಲ್ಲಿ ಮನೆಗಳು ಬಿದ್ದವು. ಪೂರ್ತಿ ಕುಸಿದ ಮನೆಗೆ ಸರ್ಕಾರ 5 ಲಕ್ಷ ರೂಪಾಯಿ ಘೋಷಿಸಿತು. ಹಣ ಬಿಡುಗಡೆ ಮಾಡುವ ಹೊಣೆ ರಾಜೀವ್ ಗಾಂಧಿ ಗ್ರಾಮೀಣ ವಸತಿ ನಿಗಮದ್ದು. 2000ನೇ ಇಸವಿಯಲ್ಲಿ ಸ್ಥಾಪನೆಯಾದ ಈ ಸರ್ಕಾರಿ ಕಂಪನಿ ತಾನೇ ಗೋಡೆ ಕಟ್ಟುವುದಿಲ್ಲ, ಕಟ್ಟಿಕೊಳ್ಳುವವರು ಫಲಾನುಭವಿಗಳೇ. ತಳಪಾಯ, ಗೋಡೆ, ಛಾವಣಿ, ಹೀಗೆ ಒಂದೊಂದು ಹಂತ ಮುಗಿದಂತೆ ಸ್ಥಳದ ಛಾಯಾಚಿತ್ರ ನೋಡಿ ಕಂತಿನ ಹಣ ಅವರ ಬ್ಯಾಂಕ್ ಖಾತೆಗೆ ಬರುತ್ತದೆ. ದುರುಪಯೋಗ ತಡೆಯಲು ಇದು ಒಳ್ಳೆಯ ಕ್ರಮವೇ. ಆದರೆ ಮುಂದಿನ ಹಂತಕ್ಕೆ ಕೈಯಲ್ಲಿ ಕಾಸಿಲ್ಲದವರ ಗೋಡೆ ಅಲ್ಲಿಗೇ ನಿಲ್ಲುತ್ತದೆ. ಗೋಡೆ ನಿಂತರೆ ಕಂತೂ ನಿಲ್ಲುತ್ತದೆ.

ಆದ್ದರಿಂದ ಇಂಥ ನಿಗಮದ ವರ್ಷದ ಸಾಧನೆಯನ್ನು ಖರ್ಚಾದ ಹಣದಿಂದಷ್ಟೇ ಅಳೆಯಬೇಡಿ. ಮಂಜೂರಾದ ಮನೆಗಳೆಷ್ಟು, ಪ್ರಗತಿಯಲ್ಲಿರುವವೆಷ್ಟು, ಪೂರ್ಣಗೊಂಡವೆಷ್ಟು? ಈ ಮೂರನ್ನೂ ನೋಡಿ. ನಡುವಿನ ಅಂಕಿ ವರ್ಷದಿಂದ ವರ್ಷಕ್ಕೆ ಕರಗದೆ ಉಳಿದರೆ, ಅಷ್ಟು ಸಂಸಾರಗಳು ಸೂರಿಲ್ಲದ ಗೋಡೆಗಳ ಮುಂದೆ ಕಾಯುತ್ತಿವೆ ಎಂದೇ ಅರ್ಥ.

ಮುಂದಿನ ಗ್ರಾಮಸಭೆಯಲ್ಲಿ ನಿಮ್ಮ ಊರಿನ ಈ ಮೂರು ಅಂಕಿಗಳನ್ನು ಕೇಳಿ ತಿಳಿದುಕೊಳ್ಳಿ. ಅದು ನಿಮ್ಮ ಹಕ್ಕು.