ಗೋಡೆಯ ಹೊದಿಕೆ



ಹಾವೇರಿ, ರಾಣೆಬೆನ್ನೂರು, ಬ್ಯಾಡಗಿಗಳ ಹಳೆಯ ಓಣಿಗಳಲ್ಲಿ ಮಣ್ಣಿನ ಗೋಡೆಯ ಮನೆಗಳು ಇನ್ನೂ ಉಳಿದಿವೆ. ಬಡವರು ಮಣ್ಣಿನ ಗಿಲಾವಿನ ಮೇಲೆ ಸುಣ್ಣ ಬಳಿದರು. ಅನುಕೂಲಸ್ಥರು ಸುಣ್ಣದ ಗಾರೆಯನ್ನೇ ಮೆತ್ತಿಸಿದರು.

ಸುಣ್ಣದ ಕಲ್ಲನ್ನು ಸುಮಾರು 900 ಡಿಗ್ರಿ ಶಾಖದಲ್ಲಿ ಸುಟ್ಟರೆ ಅಂಗಾರಾಮ್ಲ ವಾಯು ಹೊರಟುಹೋಗುತ್ತದೆ. ಉಳಿದುದನ್ನು ನೀರಿನಲ್ಲಿ ಅರಳಿಸಿ, ಮರಳು ಬೆರೆಸಿ, ಎತ್ತಿನ ಗಾಣದಲ್ಲಿ ಅರೆದರೆ ಗಾರೆ. ಗೋಡೆಗೇರಿದ ಗಾರೆಯು ಗಾಳಿಯಿಂದ ಅದೇ ವಾಯುವನ್ನು ಮೆಲ್ಲಮೆಲ್ಲನೆ ಹೀರಿ ಮರಳಿ ಕಲ್ಲಾಗುತ್ತದೆ.

ಈಗ ಹಲವರು ಶಾಶ್ವತವಾಗಲೆಂದು ಗಾರೆಯನ್ನು ಕೆತ್ತಿಸಿ ಸಿಮೆಂಟು ಹಚ್ಚಿಸುತ್ತಾರೆ. ಆದರೆ ಮಣ್ಣಿನ ಗೋಡೆಯು ನೆಲದ ತೇವವನ್ನು ಹೀರುವಂಥದು. ಗಾರೆಯ ಸೂಕ್ಷ್ಮ ರಂಧ್ರಗಳಿಂದ ಆ ತೇವವು ಆವಿಯಾಗಿ ಹೊರಡುತ್ತದೆ; ಸಿಮೆಂಟು ಆ ದಾರಿಯನ್ನು ಕಟ್ಟಿಹಾಕುತ್ತದೆ. ಇದಲ್ಲದೆ, ಎರೆನೆಲವು ಮಳೆಗೆ ಉಬ್ಬಿ ಬೇಸಗೆಗೆ ಬಿರಿಯುವಾಗ ಬಿರುಸಾದ ಸಿಮೆಂಟು ಸೀಳುತ್ತದೆ. ಸೀಳಿನೊಳಗೆ ಹೊಕ್ಕ ಮಳೆನೀರು ಹೊರಬರಲಾರದೆ ಗೋಡೆಯನ್ನು ಒಳಗೊಳಗೇ ಕರಗಿಸುತ್ತದೆ. ಹೊರನೋಟಕ್ಕೆ ಚೆಂದ, ಒಳಗೆ ಕೆಸರು.

ಸಿಮೆಂಟನ್ನು ನಿಂದಿಸುವುದು ನನ್ನ ಉದ್ದೇಶವಲ್ಲ. ಸುಟ್ಟ ಇಟ್ಟಿಗೆಯ ಹೊಸ ಮನೆಗೆ ಅದು ಒಪ್ಪುವುದು. ಹಿರಿಯರ ಮನೆಯುಳ್ಳವರು ಮಾತ್ರ ಕೆತ್ತಿಸುವ ಮುನ್ನ ಒಳಗಿನ ಗೋಡೆ ಯಾವುದೆಂದು ನೋಡಬೇಕು. ಗಾರೆ ಉದುರಿದೆಡೆ ಗಾರೆಯನ್ನೇ ಮೆತ್ತಿಸಿ, ವರ್ಷಕ್ಕೊಮ್ಮೆ ಸುಣ್ಣ ಬಳಿಸಿದರೆ ಗೋಡೆ ಬಾಳುತ್ತದೆ. ಗಾರೆಯನ್ನು ಬಲ್ಲ ಮುದಿ ಕೈಗಳು ನಮ್ಮ ಊರುಗಳಲ್ಲಿ ವಿರಳವಾಗುತ್ತಿವೆ. ಅವು ಇರುವಾಗಲೇ ಕೆಲಸ ಕೊಟ್ಟು, ಪಕ್ಕದಲ್ಲಿ ಒಬ್ಬ ಹುಡುಗನನ್ನು ನಿಲ್ಲಿಸುವುದು ಲೇಸು.