ಅಂಕಿಗಳಲ್ಲಿ ಕಟ್ಟಿದ ಆಟಗಾರ

ಅಮೆರಿಕದವರು ಫುಟ್‌ಬಾಲ್ ಎನ್ನುವ ಆಟದಲ್ಲಿ ಕಾಲಿಗಿಂತ ಕೈಗೇ ಕೆಲಸ ಜಾಸ್ತಿ. ಎರಡೂ ತುದಿ ಚೂಪಾದ ಚೆಂಡನ್ನು ಅವಚಿಕೊಂಡು ಓಡುತ್ತಾರೆ, ದೂರಕ್ಕೆ ಎಸೆಯುತ್ತಾರೆ. ಎದುರಾಳಿಗಳು ಮೈಮೇಲೆ ಬಿದ್ದು ಕೆಡವುತ್ತಾರೆ. 1988ರಲ್ಲಿ ಈ ಆಟ ‘ಜಾನ್ ಮ್ಯಾಡನ್ ಫುಟ್‌ಬಾಲ್’ ಎಂಬ ಹೆಸರಿನಲ್ಲಿ ಆಪಲ್ 2 ಕಂಪ್ಯೂಟರಿಗೆ ಬಂತು. ಮ್ಯಾಡನ್ ನಿಜವಾದ ತಂಡಕ್ಕೇ ಕೋಚ್ ಆಗಿದ್ದವರು. ಆಗಿನ ಕಂಪ್ಯೂಟರಿಗೆ 22 ಆಟಗಾರರನ್ನು ಒಟ್ಟಿಗೆ ಓಡಿಸುವುದು ಭಾರವಾಗುತ್ತಿತ್ತು. ಆದರೂ ಒಂದೊಂದು ಕಡೆ 11 ಮಂದಿ ಇರಲೇಬೇಕೆಂದು ಅವರು ಹಟ ಹಿಡಿದರು. ಒಳ್ಳೆಯ ಹಟವೇ ಅನ್ನಿ.

ಕಂಪ್ಯೂಟರಿಗೆ ಮಾಂಸಖಂಡ ಗೊತ್ತಿಲ್ಲ, ಅಂಕಿ ಮಾತ್ರ ಗೊತ್ತು. ಅದಕ್ಕೇ ಮ್ಯಾಡನ್ ಆಟಗಳಲ್ಲಿ ಪ್ರತಿಯೊಬ್ಬನ ವೇಗ, ಬಲ, ಎಸೆತದ ಗುರಿ, ಆಟದ ಅರಿವು ಎಲ್ಲಕ್ಕೂ ಅಂಕ ಕೊಡುತ್ತಾರೆ. ಗರಿಷ್ಠ 99.

ವೇಗಕ್ಕೆ ಅಂಕ ಕೊಡುವುದು ಸುಲಭ. ಇಂಡಿಯಾನಾಪೊಲಿಸ್ ನಗರದಲ್ಲಿ ಹೊಸ ಆಟಗಾರರನ್ನು 40 ಗಜ, ಅಂದರೆ ಸುಮಾರು 36.6 ಮೀಟರ್ ಓಡಿಸಿ ಸಮಯ ಅಳೆಯುತ್ತಾರೆ. 2024ರಲ್ಲಿ ಝೇವಿಯರ್ ವರ್ದಿ 4.21 ಸೆಕೆಂಡಿನಲ್ಲಿ ಓಡಿ ಅಲ್ಲಿ ದಾಖಲೆ ಮಾಡಿದ. ದೂರವನ್ನು ಸಮಯದಿಂದ ಭಾಗಿಸಿದರೆ ಗಂಟೆಗೆ ಸುಮಾರು 31 ಕಿಲೋಮೀಟರ್! ಆದರೆ ‘ಅರಿವು’ ಅಳೆಯುವ ಗಡಿಯಾರ ಎಲ್ಲಿದೆ? ಅದನ್ನು ಆಟ ನೋಡಿ ಯಾರೋ ಅಂದಾಜು ಮಾಡಬೇಕು. ತಮಗೆ ಕಡಿಮೆ ಅಂಕ ಬಂತೆಂದು ನಿಜವಾದ ಆಟಗಾರರೇ ಮುನಿಸಿಕೊಳ್ಳುವುದುಂಟು.

ವೇಗವೊಂದೇ ಇದ್ದರೂ ಸಾಲದು. ಡಿಕ್ಕಿಯಾದಾಗ ಯಾರು ಹಿಂದಕ್ಕೆ ಸರಿಯುತ್ತಾರೆ ಎಂಬುದರಲ್ಲಿ ಸಂವೇಗದ ಪಾಲು ದೊಡ್ಡದು. ದ್ರವ್ಯರಾಶಿಯನ್ನು ವೇಗದಿಂದ ಗುಣಿಸಿದರೆ ಸಂವೇಗ. 140 ಕಿಲೋದ ದಢೂತಿ ಸೆಕೆಂಡಿಗೆ 5 ಮೀಟರ್ ಬಂದರೆ 700. 90 ಕಿಲೋದವನು 8 ಮೀಟರ್ ವೇಗದಲ್ಲಿ ಬಂದರೆ 720. ಸಣ್ಣವನೇ ಒಂದು ಕೂದಲೆಳೆ ಮೇಲು!

ಇನ್ನು ಒಟ್ಟು ಅಂಕದ ವಿಷಯ. ಒಬ್ಬನಿಗೆ ಎಸೆತದಲ್ಲಿ 90, ಓಟದಲ್ಲಿ 60, ಇನ್ನೊಬ್ಬನಿಗೆ ತಿರುವುಮುರುವು. ಸರಾಸರಿ ಇಬ್ಬರಿಗೂ 75. ಹಾಗೆಂದು ಇಬ್ಬರೂ ಸಮಾನರೇ? ಚೆಂಡೆಸೆಯುವ ಕ್ವಾರ್ಟರ್‌ಬ್ಯಾಕ್ ಬೇಕಿದ್ದರೆ ಎಸೆತಕ್ಕೆ ನಾಲ್ಕು ಪಾಲು, ಓಟಕ್ಕೆ ಒಂದು ಪಾಲು ಬೆಲೆ ಕೊಟ್ಟು ನೋಡಿ: ಮೊದಲನೆಯವನಿಗೆ 84, ಎರಡನೆಯವನಿಗೆ 66. ಚೆಂಡು ಹಿಡಿದು ಓಡುವ ರನ್ನಿಂಗ್ ಬ್ಯಾಕ್ ಬೇಕಿದ್ದರೆ ಪಾಲು ಅದಲುಬದಲು, ಅಂಕವೂ ಅದಲುಬದಲು. ಈ ಪಾಲುಗಳು ನಾನು ಉದಾಹರಣೆಗೆ ಹಾಕಿದವು. ಆಟ ಕಟ್ಟುವವರು ಇನ್ನೂ ಹಲವು ಗುಣಗಳನ್ನು ಸೇರಿಸಿ ತೂಗುತ್ತಾರೆ.

ಅಂಕ ಹೆಚ್ಚಿದ್ದವನೇ ಪ್ರತಿಸಲ ಗೆದ್ದರೆ ಆಟ ಯಾರಿಗೆ ಬೇಕು? ಅದಕ್ಕೇ ಇಂಥ ಆಟಗಳಲ್ಲಿ ಕಂಪ್ಯೂಟರ್ ಒಳಗೊಳಗೇ ದಾಳ ಉರುಳಿಸಿದಂತೆ ಸಂಖ್ಯೆಗಳನ್ನು ಹೆಕ್ಕುತ್ತದೆ. ನೀವೂ ಮಾಡಬಹುದು. ಓಡುವವನ ಬಲ 8, ಹಿಡಿಯುವವನದು 6 ಎಂದಿಟ್ಟುಕೊಳ್ಳಿ. ಇಬ್ಬರಿಗೂ ಒಂದೊಂದು ದಾಳ ಎಸೆದು, ಬಿದ್ದದ್ದನ್ನು ಬಲಕ್ಕೆ ಕೂಡಿಸಿ. ಮೊತ್ತ ಹೆಚ್ಚಿದ್ದವನು ಗೆದ್ದ. ಎರಡು ದಾಳ 36 ರೀತಿಯಲ್ಲಿ ಬೀಳಬಹುದು. ಅದರಲ್ಲಿ 26 ಸಲ ಓಡುವವನು ಪಾರು, 4 ಸಲ ಸಮ, 6 ಸಲ ಹಿಡಿಯುವವನೇ ಗೆಲ್ಲುತ್ತಾನೆ. ಓಡುವವನ ಬಲ 9 ಆದರೆ ಈ 6 ಎಷ್ಟಕ್ಕಿಳಿಯುತ್ತದೆ? ಕಾಗದ, ಪೆನ್ಸಿಲ್ ತೆಗೆದುಕೊಂಡು ನೀವೇ ಲೆಕ್ಕ ಹಾಕಿ.