ಚಿತ್ರದ ಹಿಂದಿನ ಕೈ



ಕ್ಲಾರ್ಕ್ಸ್‌ಬರ್ಗ್‌ನ ಕನ್ನಡ ಕುಟುಂಬಗಳು ಊರಿನಿಂದ ಬಂದ ತಂದೆತಾಯಿಯರನ್ನು ಸಾಮಾನ್ಯವಾಗಿ ಕರೆದೊಯ್ಯುವುದು ದಕ್ಷಿಣಕ್ಕೆ, ವಾಷಿಂಗ್ಟನ್ನಿನ ಬೃಹತ್ ಸಂಗ್ರಹಾಲಯಗಳಿಗೆ. ಅದೇ 270ನೇ ಹೆದ್ದಾರಿಯಲ್ಲಿ ಉತ್ತರಕ್ಕೆ ಹೊರಟು, ಫ್ರೆಡರಿಕ್‌ನಲ್ಲಿ 70ನೇ ಹೆದ್ದಾರಿ ಹಿಡಿದು ಪಶ್ಚಿಮಕ್ಕೆ ತಿರುಗಿದರೆ, ಒಟ್ಟು ಸುಮಾರು 40 ಮೈಲಿಗಳಲ್ಲಿ ಹೇಗರ್ಸ್‌ಟೌನ್ ಸಿಗುತ್ತದೆ. ಅಲ್ಲಿಯ ಸಿಟಿ ಪಾರ್ಕಿನಲ್ಲಿ ವಾಷಿಂಗ್ಟನ್ ಕೌಂಟಿ ಲಲಿತಕಲಾ ಸಂಗ್ರಹಾಲಯವಿದೆ. ಪ್ರವೇಶಕ್ಕೆ ಶುಲ್ಕವಿಲ್ಲ, ಒಂದು ಮಧ್ಯಾಹ್ನದಲ್ಲಿ ನೋಡಿ ಮುಗಿಸಬಹುದಾದ ಅಳತೆಯದು.

ಉಕ್ಕಿನ ಉದ್ಯಮಿಯ ಮನೆಯಲ್ಲಿ ಹುಟ್ಟಿ ಚಿತ್ರಕಾರನಾದ ವಿಲಿಯಂ ಹೆನ್ರಿ ಸಿಂಗರ್ ಮತ್ತು ಆ ಊರಿನ ಮಗಳಾದ ಆತನ ಪತ್ನಿ ಅನ್ನಾ ಅವರ ಕೊಡುಗೆಯಿಂದ ಇದು 1931ರಲ್ಲಿ ತೆರೆಯಿತು. ಫ್ರೆಡರಿಕ್ ಚರ್ಚ್‌ನ ಭೂದೃಶ್ಯವೂ ಪೀಲ್ ಮನೆತನದವರು ಬರೆದ ಭಾವಚಿತ್ರಗಳೂ ಇಲ್ಲಿವೆ. ಆದರೆ ಈ ಸಂಗ್ರಹಾಲಯವನ್ನು ನೆನೆಯಬೇಕಾದದ್ದು ಇನ್ನೊಂದು ಕಾರಣಕ್ಕೆ. 2021ರಲ್ಲಿ ಅದು ಜೋಶುವಾ ಜಾನ್ಸನ್ ಎಂಬ ಚಿತ್ರಕಾರನ ಕೃತಿಗಳ ಪ್ರದರ್ಶನವನ್ನು ಏರ್ಪಡಿಸಿತು.

ಜಾನ್ಸನ್ ಮೇರಿಲ್ಯಾಂಡಿನಲ್ಲಿ ಗುಲಾಮನಾಗಿದ್ದವನು. 1764ರ ಮಾರಾಟಪತ್ರದ ಪ್ರಕಾರ, ಬಿಳಿಯನಾದ ಸ್ವಂತ ತಂದೆಯೇ ಆ ಎಳೆಯ ಮಗುವನ್ನು ಅದರ ಒಡೆಯನಿಂದ 25 ಪೌಂಡಿಗೆ ಕೊಂಡನು. 1782ರಲ್ಲಿ ಮಗನೆಂದು ಒಪ್ಪಿ ಬಿಡುಗಡೆಯ ಪತ್ರ ಬರೆದುಕೊಟ್ಟನು. ಆಗ ಹುಡುಗ ಕಮ್ಮಾರನ ಬಳಿ ಕೆಲಸ ಕಲಿಯುತ್ತಿದ್ದ. 1798ರ ಹೊತ್ತಿಗೆ ಅವನು ಬಾಲ್ಟಿಮೋರ್‌ನ ಪತ್ರಿಕೆಯಲ್ಲಿ, ತಾನೇ ಕಲಿತ ಚಿತ್ರಕಾರನೆಂದು ಜಾಹೀರಾತು ಕೊಟ್ಟಿದ್ದ. ವರ್ತಕರು, ಹಡಗಿನ ಕಪ್ತಾನರು, ಅವರ ಮಡದಿ ಮಕ್ಕಳು ಅವನ ಮುಂದೆ ಕುಳಿತರು. ಅವರಲ್ಲಿ ಗುಲಾಮರನ್ನು ಇಟ್ಟುಕೊಂಡವರೂ ಇದ್ದರು, ಗುಲಾಮಗಿರಿಯನ್ನು ವಿರೋಧಿಸಿದವರೂ ಇದ್ದರು. ಹಿತ್ತಾಳೆಯ ಮೊಳೆ ಬಡಿದ ಕುರ್ಚಿಯ ಅಂಚನ್ನೂ ಕಸೂತಿಯ ಕೊರಳಪಟ್ಟಿಯನ್ನೂ ಅವನು ಒಂದೇ ಶ್ರದ್ಧೆಯಿಂದ ಬರೆದ.

ಆಮೇಲೆ ಚಿತ್ರಗಳು ಉಳಿದವು, ಹೆಸರು ಅಳಿಯಿತು. ಅವನ ಸಹಿಯಿರುವುದು ಒಂದೇ ಒಂದು ಚಿತ್ರದಲ್ಲಿ. ಚಿತ್ರ ಬರೆದವನು ಕಪ್ಪು ಮನುಷ್ಯನೆಂಬ ಮಾತು ಕೆಲವು ಮನೆಗಳಲ್ಲಿ ಬಾಯಿಂದ ಬಾಯಿಗೆ ಉಳಿದುಬಂದಿತ್ತು. ಜೆ. ಹಾಲ್ ಪ್ಲೆಸೆಂಟ್ಸ್ ಎಂಬ ಸಂಶೋಧಕ 1939ರ ಸುಮಾರಿಗೆ ಆ ಎಳೆ ಹಿಡಿದು ಹುಡುಕಿದ. ಆದರೂ ಸಂಶಯ ತೀರಲಿಲ್ಲ. 1990ರ ದಶಕದಲ್ಲಿ ಮಾರಾಟ ಮತ್ತು ಬಿಡುಗಡೆಯ ದಾಖಲೆಗಳು ಸಿಕ್ಕ ಮೇಲೆಯೇ ವಾದ ಬಗೆಹರಿಯಿತು. ಕುಳಿತವರ ವಂಶಾವಳಿ ನೂರೈವತ್ತು ವರ್ಷ ಸುಭದ್ರವಾಗಿತ್ತು. ಬರೆದವನ ಹುಟ್ಟನ್ನು ಸಾಬೀತುಮಾಡಲು ಅವನನ್ನು ಮಾರಿದ ಪತ್ರವೇ ಬೇಕಾಯಿತು.

ಕನ್ನಡಿಗರಿಗೆ ಈ ಕಥೆ ದೂರದ್ದಲ್ಲ. ಮೈಸೂರು ಶೈಲಿಯ ಸಾಂಪ್ರದಾಯಿಕ ಚಿತ್ರಗಳಲ್ಲಿ ಬಹುಪಾಲಿಗೆ ಕರ್ತೃವಿನ ಹೆಸರಿಲ್ಲ. ದೇವರ ಹೆಸರು, ದೊರೆಯ ಹೆಸರು ಗೊತ್ತು. ಚಿನ್ನದ ಹಾಳೆ ಅಂಟಿಸಿದ ಚಿತ್ರಗಾರನ ಹೆಸರು ಗೊತ್ತಿಲ್ಲ. ಆ ಚಿತ್ರಗಾರ ಕುಲದಿಂದ ಬಂದ ಕೆ. ವೆಂಕಟಪ್ಪನವರು (1886–1965) ತಮ್ಮ ಹೆಸರನ್ನು ಉಳಿಸಿಕೊಂಡರು. ಬೆಂಗಳೂರಿನ ಕಸ್ತೂರಬಾ ರಸ್ತೆಯಲ್ಲಿ ಅವರ ಹೆಸರಿನ ಗ್ಯಾಲರಿಯೂ ಇದೆ. 2016ರಲ್ಲಿ ಅದನ್ನು ಖಾಸಗಿ ಪ್ರತಿಷ್ಠಾನವೊಂದಕ್ಕೆ ದತ್ತು ಕೊಡುವ ಒಪ್ಪಂದದ ವಿರುದ್ಧ ಕಲಾವಿದರು ಪ್ರತಿಭಟಿಸಿದರು. ಅವರು ಕಾಯಲು ಹೊರಟದ್ದು ಕಟ್ಟಡವನ್ನಷ್ಟೇ ಅಲ್ಲ, ಯಾರ ಅಪ್ಪಣೆಯೂ ಇಲ್ಲದೆ ಯಾರೂ ಒಳಗೆ ಹೋಗಬಹುದೆಂಬ ಹಕ್ಕನ್ನು.

ವಾಷಿಂಗ್ಟನ್ನಿನ ನ್ಯಾಷನಲ್ ಗ್ಯಾಲರಿಯಲ್ಲಿಯೂ ಜಾನ್ಸನ್ನನ ಚಿತ್ರವಿದೆ. ಆದರೆ ಸಾವಿರ ಮೇರುಕೃತಿಗಳ ನಡುವೆ ಕಾಲು ನಿಲ್ಲುವುದಿಲ್ಲ. ಸಣ್ಣ ಗ್ಯಾಲರಿ ತನ್ನ ನೆಲದ ಲೆಕ್ಕವನ್ನು ಬಿಡಿಸಿ ಹೇಳಬಲ್ಲದು. ಕೇಳಲು ಜನ ಬಂದರೆ ಮಾತ್ರ ಅದು ಸಾರ್ವಜನಿಕವಾಗಿ ಉಳಿಯುತ್ತದೆ. ಕ್ಲಾರ್ಕ್ಸ್‌ಬರ್ಗ್‌ನಲ್ಲಿ ಬೆಳೆಯುತ್ತಿರುವ ಕನ್ನಡದ ಮಕ್ಕಳಿಗೂ ಈಗ ಮೇರಿಲ್ಯಾಂಡಿನ ಮಣ್ಣೇ ಊರು. ಅದರ ಚೆಲುವು ಅವರದಾದರೆ ಅದರ ಋಣವೂ ಅವರದೇ. ಭಾವಚಿತ್ರದ ಮುಂದೆ ನಿಂತಾಗ ಆ ಮಕ್ಕಳು ‘ಈ ಮುಖ ಯಾರದು?’ ಎಂದು ಕೇಳಿಯೇ ಕೇಳುತ್ತಾರೆ. ‘ಈ ಕೈ ಯಾರದು?’ ಎಂದೂ ಕೇಳುವುದನ್ನು ಹಿರಿಯರು ಕಲಿಸಲಿ. ಅದೇ ಪ್ರಶ್ನೆಯನ್ನು ಮನೆಯ ಗೋಡೆಯ ಮೇಲಿನ ಮೈಸೂರು ಚಿತ್ರದ ಮುಂದೆಯೂ ಅವರು ಕೇಳುವಂತಾಗಲಿ.